ಸಂಧಾನಕ್ಕೆ ಬಂದ ಕೃಷ್ಣನಿಗೆ ಯುದ್ಧ ಗೊತ್ತಿತ್ತೇ?

‘ಕೃಷ್ಣಸಂಧಾನ’ ಪ್ರಸಂಗದಲ್ಲಿ ಕೌರವನ (ದುರ್ಯೋಧನನ) ಅರ್ಥ ಹೇಳುವವರು, ಅಂದರೆ ಪದ್ಯದ ಬೆನ್ನಿಗೆ ಅವನ ಪಾತ್ರವಾಗಿ ಮಾತಾಡುವವರು, ಒಂದಲ್ಲ ಒಂದು ಹೊತ್ತಿಗೆ ಈ ಬಾಣ ಬಿಟ್ಟೇ ಬಿಡುತ್ತಾರೆ: “ನಾನು ಒಪ್ಪುವುದಿಲ್ಲವೆಂದು ನಿನಗೆ ಮೊದಲೇ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದರೆ ನಿನ್ನ ಸಂಧಾನ ಬರೀ ತೋರಿಕೆ. ಗೊತ್ತಿರಲಿಲ್ಲವಾದರೆ ನಿನ್ನನ್ನು ಪರಿಪೂರ್ಣನೆಂದು ಪಾಂಡವರು ಪೂಜಿಸುವುದು ಭ್ರಮೆ.” ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮಳೆಗಾಲದ ತಾಳಮದ್ದಳೆಗಳಲ್ಲಿ (ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಮಾತಿನ ಯಕ್ಷಗಾನದಲ್ಲಿ) ಈ ಮಾತು ಬಂದ ಕೂಡಲೇ ಒರಗಿ ಕುಳಿತವರೂ ನೆಟ್ಟಗಾಗುತ್ತಾರೆ. ಆದರೆ ಹೆಚ್ಚಿನ ಸಲ ಕೃಷ್ಣ “ಎಲ್ಲ ನನ್ನ ಲೀಲೆ” ಎಂದು ನಕ್ಕುಬಿಡುತ್ತಾನೆ, ಹಾಡುವ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ. ಪರಿಪೂರ್ಣನಾದ ದೇವರಿಗೆ ಎಲ್ಲವೂ ತಿಳಿದಿರಲೇಬೇಕೇ ಎಂಬುದು ನಗುವಿನಲ್ಲಿ ತೇಲಿಸಿಬಿಡುವ ಪ್ರಶ್ನೆಯಲ್ಲ. ಅದನ್ನು ಕೊನೆಮುಟ್ಟ ಎಳೆಯುವ ಕೂಟವೊಂದನ್ನು ನಮ್ಮ ಬಳಗ ಕಟ್ಟಿದ ಬಗೆ ಇಲ್ಲಿದೆ. ಇದೇ ಪ್ರಸಂಗ ಹಿಡಿಯುವ ಅರ್ಥಧಾರಿಗಳಿಗೂ, ಕೇಳಲು ಬರುವವರಿಗೂ ಉಪಯೋಗಕ್ಕೆ ಬರಬಹುದು.

ಅರ್ಥಗಾರಿಕೆಗೆ ಬಾಯಿಪಾಠವಿಲ್ಲ. ಸಿದ್ಧಪಡಿಸಬೇಕಾದದ್ದು ಮಾತನ್ನಲ್ಲ, ವಾದದ ಸರಪಳಿಯನ್ನು. ಕೂಟ ನಾಲ್ಕು ಗಂಟೆಯದಾದರೆ ಈ ಒಂದು ಪ್ರಶ್ನೆಗೆ 50 ನಿಮಿಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕೊಟ್ಟರೆ ಕರ್ಣ, ಭೀಷ್ಮರು ಸುಮ್ಮನೆ ಕೂರಬೇಕಾಗುತ್ತದೆ. ಒಂದು ಪದ್ಯಕ್ಕೆ 12ರಿಂದ 15 ನಿಮಿಷ ಎಂದು ಹಿಡಿದರೆ ಮೂರು ಪದ್ಯ, ಮೇಲೆ ಸ್ವಲ್ಪ ಸಂವಾದ. ಯಾವ ಮೂರು ಪದ್ಯ ಎಂಬುದನ್ನು ಭಾಗವತರ ಹತ್ತಿರ ಮೊದಲೇ ಕೂತು ಗೊತ್ತುಮಾಡಿಕೊಳ್ಳಬೇಕು. ವಿದುರನ ಮನೆಯದು ಒಂದು, ಒಡ್ಡೋಲಗದಲ್ಲಿ ಎರಡು. ಇದು ನಮಗೆ ಸರಿಹೋಯಿತು. ಇನ್ನೊಂದು ಕಟ್ಟುಪಾಡು: ಕೃಷ್ಣನ ಅರ್ಥ ಹೇಳುವವರು ತಯಾರಿಯಲ್ಲಿ ಕೌರವನ ಪಕ್ಷ ಹಿಡಿದು ವಾದಿಸಬೇಕು, ಕೌರವನವರು ಕೃಷ್ಣನ ಪಕ್ಷ. ಪೂರ್ವಪಕ್ಷವನ್ನು (ಎದುರು ವಾದವನ್ನು) ಎದುರಾಳಿಗಿಂತ ಚೆನ್ನಾಗಿ ಹೇಳಲು ಬಾರದವನ ಸಿದ್ಧಾಂತಕ್ಕೆ ಬೆಲೆಯಿಲ್ಲ.

ಮೊದಲ ಕೆಲಸ, ‘ಎಲ್ಲವೂ’ ಎಂದರೆ ಎಷ್ಟು ಎಂದು ಕಾಗದದ ಮೇಲೆ ಗೆರೆ ಹಾಕುವುದು. ಆಗಿಹೋದದ್ದು ಮತ್ತು ಆಗುತ್ತಿರುವುದು ಒಂದು ಕಡೆ. ಮುಂದೆ ಆಗಲಿರುವುದು ಇನ್ನೊಂದು ಕಡೆ. ಹೀಗಾಗಿದ್ದರೆ ಹಾಗಾಗುತ್ತಿತ್ತು ಎಂಬುದು, ಅಂದರೆ ಐದು ಗ್ರಾಮದ ಬದಲು ಒಂದೇ ಗ್ರಾಮ ಕೇಳಿದ್ದರೆ ಕೌರವ ಏನೆನ್ನುತ್ತಿದ್ದ ಎಂಬಂಥದ್ದು, ಮೂರನೆಯ ಕಡೆ. ಒಬ್ಬನ ಒಳಗಿನ ಉರಿ ಅವನಿಗೆ ಹೇಗನಿಸುತ್ತದೆ ಎಂಬುದು ನಾಲ್ಕನೆಯದು. ನಾವು ಕೇಳಿದ ಕೂಟಗಳಲ್ಲಿ ವಾದ ಹದಗೆಡುವುದು ಇಲ್ಲೇ. ಕೌರವ ಎರಡನೆಯ ಕಡೆಯಿಂದ ಕೇಳುತ್ತಾನೆ, ಕೃಷ್ಣ ಮೊದಲನೆಯ ಕಡೆಯಿಂದ ಉತ್ತರಿಸುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ, ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಎರಡನೆಯ ಕೆಲಸಕ್ಕೆ ಸೋಂದಾದಷ್ಟು ಅನುಕೂಲದ ಊರು ಬೇರೆ ಇಲ್ಲ. ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ ತಿರುಗಿದರೆ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ವೃಂದಾವನವಿರುವ ದ್ವೈತ ಮಠ, ಸ್ವಾದಿಯ ದಿಗಂಬರ ಜೈನ ಮಠ, ಮೂರೂ ಒಂದೇ ಸೀಮೆಯಲ್ಲಿವೆ. ಸರ್ವಜ್ಞತ್ವದ ಬಗ್ಗೆ ಮೂರು ಪರಂಪರೆಗಳ ಮಾತೂ ಬೇರೆ. ಒಂದು ಪಕ್ಷ ಗೆಲ್ಲಿಸಿ ಉಳಿದೆರಡನ್ನು ಸೋಲಿಸುವ ಹಟಕ್ಕಿಂತ, ಯಾರು ಯಾವ ದಾರಿಯಿಂದ ‘ದೇವರಿಗೆ ಎಲ್ಲ ಗೊತ್ತು’ ಎಂಬಲ್ಲಿಗೆ ಬರುತ್ತಾರೆ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ. ದಾರಿ ಬದಲಾದರೆ ‘ಎಲ್ಲ’ದ ಅಗಲವೂ ಬದಲಾಗುತ್ತದೆ. ನಮ್ಮ ಇಡೀ ಕೂಟ ನಿಂತದ್ದು ಈ ಒಂದು ಮಾತಿನ ಮೇಲೆ.

ಪೂರ್ಣತೆಯಿಂದ ನೇರವಾಗಿ ಹೊರಡುವವರು ದ್ವೈತದ ಮಧ್ವರು (1238–1317). ಅವರ ಬ್ರಹ್ಮಸೂತ್ರಭಾಷ್ಯದ ಮೊದಲ ಸಾಲೇ “ನಾರಾಯಣಂ ಗುಣೈಃ ಸರ್ವೈರುದೀರ್ಣಂ ದೋಷವರ್ಜಿತಮ್”. ಎಲ್ಲ ಗುಣಗಳಿಂದ ತುಂಬಿದವನು, ದೋಷ ಇಲ್ಲದವನು. ಅಜ್ಞಾನ ದೋಷ, ಆದ್ದರಿಂದ ಅದು ಅವನಲ್ಲಿ ಇಲ್ಲ. ವಾದಿರಾಜರು ‘ಯುಕ್ತಿಮಲ್ಲಿಕಾ’ದ ಮೊದಲ ಭಾಗಕ್ಕೆ ‘ಗುಣಸೌರಭ’ ಎಂದೇ ಹೆಸರಿಟ್ಟಿದ್ದಾರೆ. ಯುರೋಪಿನಲ್ಲಿ ಕ್ರೈಸ್ತ ಚಿಂತಕ ಆನ್ಸೆಲ್ಮ್ (1033–1109) ಇದೇ ದಾರಿಯಲ್ಲಿ ನಡೆದವರು: ಯಾವುದಕ್ಕಿಂತ ಹಿರಿದನ್ನು ಯೋಚಿಸಲಾಗದೋ ಅದು ದೇವರು ಎಂಬಲ್ಲಿಂದ ಅವರ ವಾದ ಶುರು. ಈ ದಾರಿಯ ಬಲ ದೊಡ್ಡದು. ದುರ್ಬಲ ಜಾಗ ಒಂದಿದೆ. ತಿಳಿಯಲು ಸಾಧ್ಯವಿದ್ದದ್ದು ತಿಳಿಯದಿದ್ದರೆ ಅದು ದೋಷ. ತಿಳಿಯಲು ಸಾಧ್ಯವೇ ಇಲ್ಲದ್ದು ತಿಳಿಯದಿದ್ದರೆ ದೋಷವಲ್ಲ. ಆದ್ದರಿಂದ ನಾಳಿನ ಆಯ್ಕೆ ಎಂಬುದು ಇವತ್ತು ತಿಳಿಯಬಹುದಾದ ವಸ್ತುವೇ ಎಂದು ಬೇರೆಯಾಗಿ ಸಾಧಿಸದೆ, ಪೂರ್ಣತೆಯೊಂದರಿಂದ ಭವಿಷ್ಯಜ್ಞಾನ ಬಾರದು.

ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಹೊರಡುವುದು ಕೆಲಸದಿಂದ. ಕರ್ತೃ ಎಂದರೆ ಉಪಾದಾನದ (ಮೂಲಸಾಮಗ್ರಿಯ) ನೇರ ತಿಳಿವು, ಮಾಡುವ ಇಚ್ಛೆ, ಪ್ರಯತ್ನ ಮೂರೂ ಉಳ್ಳವನು; ತರ್ಕಶಾಸ್ತ್ರದ ಪ್ರಾರಂಭದ ಪಾಠದಲ್ಲೇ ಇದು ಬರುತ್ತದೆ. ಜಗತ್ತು ಮಾಡಿದವನಿಗೆ ಪರಮಾಣುಗಳು ಗೊತ್ತಿರಬೇಕು, ಫಲ ಕೊಡುವವನಿಗೆ ಜೀವರ ಅದೃಷ್ಟ (ಕೂಡಿಟ್ಟ ಪುಣ್ಯಪಾಪ) ಗೊತ್ತಿರಬೇಕು. ಉದಯನರು ‘ನ್ಯಾಯಕುಸುಮಾಂಜಲಿ’ಯಲ್ಲಿ ಕಾರ್ಯ, ಆಯೋಜನ, ಧೃತಿ ಮೊದಲಾದ ಹೇತುಗಳನ್ನು ಒಂದೇ ಶ್ಲೋಕದಲ್ಲಿ ಪೋಣಿಸಿ ಕೊನೆಗೆ ‘ವಿಶ್ವವಿದವ್ಯಯಃ’ (ಎಲ್ಲ ಬಲ್ಲವನು, ಅಳಿವಿಲ್ಲದವನು) ಎಂದು ಮುಗಿಸುತ್ತಾರೆ. ಆದರೆ ಗಮನಿಸಬೇಕು: ಈ ದಾರಿಯಿಂದ ನಮ್ಮ ಕಾಗದದ ಮೊದಲ ಕಡೆ ಪೂರ್ತಿ ತುಂಬುತ್ತದೆ, ಎರಡನೆಯದು ತುಂಬುವುದಿಲ್ಲ. ಮಾಡಿದ ಕರ್ಮಕ್ಕೆ ಫಲ ಕೊಡಲು ಮಾಡಿದ ಕರ್ಮ ಗೊತ್ತಿದ್ದರೆ ಸಾಕು. ಈಶ್ವರಜ್ಞಾನ ನಿತ್ಯ, ಅದಕ್ಕೆ ಎಲ್ಲವೂ ವಿಷಯ ಎಂದು ಅವರು ಹೇಳುವುದು ನಿಜ. ಅದಕ್ಕೆ ಕರ್ತೃತ್ವದ ಯುಕ್ತಿಯೊಂದೇ ಸಾಲದು.

ಅದ್ವೈತದ ಶಂಕರರು “ಶಾಸ್ತ್ರಯೋನಿತ್ವಾತ್” (1.1.3) ಎಂಬ ಬ್ರಹ್ಮಸೂತ್ರದ ಭಾಷ್ಯದಲ್ಲಿ ಕೊಡುವ ಕಾರಣ ಬೇರೆ: ವ್ಯಾಕರಣ ಬರೆದ ಪಾಣಿನಿಗೆ ವ್ಯಾಕರಣದಲ್ಲಿ ಇರುವುದಕ್ಕಿಂತ ಹೆಚ್ಚು ತಿಳಿದಿತ್ತು, ವೇದದ ಮೂಲವಾದದ್ದಕ್ಕೆ ವೇದದಲ್ಲಿರುವುದಕ್ಕಿಂತ ಹೆಚ್ಚು ತಿಳಿದಿರಲೇಬೇಕು. ಅದೇ ಶಂಕರರು 2.1.14ರ ಭಾಷ್ಯದಲ್ಲಿ, ಈಶ್ವರನ ಸರ್ವಜ್ಞತ್ವ ಅವಿದ್ಯೆಯ ಉಪಾಧಿಯನ್ನು (ಅಜ್ಞಾನ ತೊಡಿಸಿದ ಮಿತಿಯನ್ನು) ಅವಲಂಬಿಸಿದ್ದು, ಪರಮಾರ್ಥದಲ್ಲಿ ಅಲ್ಲ ಎನ್ನುತ್ತಾರೆ. ತಿಳಿಯುವವನು, ತಿಳಿಯುವ ವಸ್ತು ಎಂಬ ಎರಡಿಲ್ಲದಲ್ಲಿ ‘ಎಲ್ಲವನ್ನೂ ತಿಳಿ’ ಎಂಬ ಬೇಡಿಕೆಯೇ ಉಳಿಯುವುದಿಲ್ಲ. ಅಂದರೆ ಅದ್ವೈತದ ಪ್ರಕಾರ ಪರಮ ಪೂರ್ಣತೆಗೂ ಸರ್ವಜ್ಞತ್ವಕ್ಕೂ ಬಿಡಿಸಲಾರದ ಗಂಟು ಇಲ್ಲ. ಈ ಮಾತನ್ನು ಸಭೆಯಲ್ಲಿ ಹೇಳಲು ಧೈರ್ಯ ಬೇಕು. ಹೇಳಿದರೆ ಗಮನವಿಟ್ಟು ಕೇಳುತ್ತಾರೆ.

ಜೈನರದು ನಾಲ್ಕನೆಯ ದಾರಿ. ಜ್ಞಾನ ಆತ್ಮದ ಸ್ವಭಾವ. ಅದನ್ನು ಮುಚ್ಚುವ ಜ್ಞಾನಾವರಣೀಯ ಕರ್ಮ ಕಳಚಿದರೆ ಕೇವಲಜ್ಞಾನ. ಎಲ್ಲ ದ್ರವ್ಯಗಳೂ, ಅವುಗಳ ಎಲ್ಲ ಪರ್ಯಾಯಗಳೂ (ಬದಲಾಗುವ ಸ್ಥಿತಿಗಳೂ) ಅದಕ್ಕೆ ವಿಷಯ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಅಲ್ಲಿ ಸೃಷ್ಟಿಕರ್ತನಿಲ್ಲ. ಇದು ನಮಗೆ ತುಂಬ ಬೇಕಾದ ಮಾದರಿ: ಎಲ್ಲವನ್ನೂ ಕಾಣುವವನು, ಏನನ್ನೂ ಮಾಡದವನು.

ಇಷ್ಟಾದ ಮೇಲೆ ಕೌರವನ ದೊಡ್ಡ ಪೆಟ್ಟಿನ ಕಡೆಗೆ ಬರಬೇಕು. ನಾವು ಅದನ್ನು ಹೀಗೆ ಇಳಿಸಿದೆವು: “ನಿನ್ನೆ ವಿದುರನ ಮನೆಯಲ್ಲಿ ಕುಳಿತಿರುವಾಗಲೇ ನಾನು ಇಂದು ಇಲ್ಲ ಎನ್ನುತ್ತೇನೆಂದು ನಿನಗೆ ತಿಳಿದಿತ್ತು. ನಿನ್ನ ತಿಳಿವು ಸುಳ್ಳಾಗುವಂತಿಲ್ಲ. ನಿನ್ನೆ ಕಳೆದುಹೋಯಿತು, ಅದನ್ನು ಯಾರೂ ತಿದ್ದುವಂತಿಲ್ಲ. ಹಾಗಾದರೆ ಇಂದು ಹೌದು ಎನ್ನುವ ಶಕ್ತಿ ನನ್ನಲ್ಲಿ ಎಲ್ಲಿ ಉಳಿಯಿತು? ಶಕ್ತಿಯೇ ಇಲ್ಲದವನ ಮೇಲೆ ಛಲವಾದಿ ಎಂಬ ಅಪವಾದವೇಕೆ?” 1965ರಲ್ಲಿ ನೆಲ್ಸನ್ ಪೈಕ್ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞರು ಈ ವಾದಕ್ಕೆ ಕೊಟ್ಟ ಬಿಗಿಯಾದ ರೂಪ ಇದೇ. ಮೂರು ಆಧಾರ, ಒಂದು ನಿಗಮನ. ಉತ್ತರಿಸುವವನು ಮೂರರಲ್ಲಿ ಒಂದನ್ನು ಮುರಿಯಲೇಬೇಕು. ಸುತ್ತಿ ಬಳಸಿ ಹೋಗಲು ದಾರಿಯಿಲ್ಲ.

ಕೃಷ್ಣನಿಗೆ ತಟ್ಟನೆ ಸಿಗುವ ಉತ್ತರ, ತಿಳಿವು ಏನನ್ನೂ ಮಾಡಿಸುವುದಿಲ್ಲ ಎಂಬುದು. ಜ್ಞಾನ ವಸ್ತುತಂತ್ರ, ವಸ್ತು ಹೇಗಿದೆಯೋ ಹಾಗೆ. ಇದು ಶಂಕರಭಾಷ್ಯದ ಮಾತು. ಸಂಜಯನಿಗೆ ಕುರುಕ್ಷೇತ್ರವೆಲ್ಲ ಕಂಡಿತು, ಸಂಜಯ ಯಾರನ್ನೂ ಕೊಂದವನಲ್ಲ. ಉತ್ತರ ಚೆನ್ನಾಗಿದೆ, ಆದರೆ ಅರ್ಧ. ಸಂಜಯ ನೋಡಿದ್ದು ನಡೆಯುತ್ತಿದ್ದುದನ್ನು. ನಾಳೆಯ ವಸ್ತು ಇನ್ನೂ ಇಲ್ಲವೇ ಇಲ್ಲ. ಇಲ್ಲದ ವಸ್ತುವಿಗೆ ಜ್ಞಾನ ಹೇಗೆ ಅಧೀನವಾಯಿತು? ಕೌರವನ ಅರ್ಥಧಾರಿಗೆ ಈ ಮರುಪ್ರಶ್ನೆ ಬಾಯಲ್ಲೇ ಇರಬೇಕು.

6ನೇ ಶತಮಾನದ ರೋಮನ್ ಚಿಂತಕ ಬೋಯೀಥಿಯಸ್ ‘ನಿನ್ನೆ’ಯನ್ನೇ ಮುರಿಯುತ್ತಾರೆ: ದೇವರು ಕಾಲದ ಹೊರಗೆ, ಅವನಿಗೆ ಹಿಂದು ಮುಂದು ಇಲ್ಲ, ಎಲ್ಲವೂ ಒಂದೇ ನೋಟ. ಆದರೆ ನಮ್ಮ ಪ್ರಸಂಗದಲ್ಲಿ ಇದು ಕಷ್ಟ. ಅವತಾರ ಕಾಲದೊಳಗೇ ಬಂದಿದೆ, ವಿದುರನ ಮನೆಯಲ್ಲಿ ಊಟ ಮಾಡಿದೆ. ಅಲ್ಲಿ ಕೃಷ್ಣ “ಅವನು ಒಪ್ಪುವುದಿಲ್ಲ ವಿದುರಾ” ಎಂದು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು; ತಿಳಿವು ಕಾಲಾತೀತವಾದರೂ ಆಡಿದ ಮಾತು ನಿನ್ನೆಯದೇ. ಹಾಗಾಗಿ ವಿದುರನ ಮನೆಯ ಪದ್ಯಕ್ಕೆ ನಮ್ಮಲ್ಲಿ ಕಟ್ಟುನಿಟ್ಟು: ಭವಿಷ್ಯ ನುಡಿಯುವಂತಿಲ್ಲ. ವ್ಯಾಸಭಾರತದ ಉದ್ಯೋಗಪರ್ವವೂ ಅಲ್ಲಿ ಜಾಗ್ರತೆಯಿಂದಲೇ ಇದೆ. ಧರ್ಮಕಾರ್ಯಕ್ಕೆ ಶಕ್ತಿಮೀರಿ ಯತ್ನಿಸಿ ಆಗದೇ ಹೋದರೂ ಅದರ ಪುಣ್ಯ ದಕ್ಕುತ್ತದೆ, ಶಕ್ತನಾಗಿಯೂ ಕೃಷ್ಣ ತಡೆಯಲಿಲ್ಲ ಎಂದು ಮೂಢರು ಆಡಿಕೊಳ್ಳಬಾರದು ಎಂದು ಅವನು ವಿದುರನಿಗೆ ಹೇಳುತ್ತಾನೆ. ಅದಕ್ಕೂ ಮೊದಲು ಅರ್ಜುನನಿಗೆ, ಪುರುಷಪ್ರಯತ್ನದಿಂದ ಆಗುವಷ್ಟು ಮಾಡುತ್ತೇನೆ, ದೈವದ ಕೆಲಸ ನನ್ನಿಂದಾಗದು ಎನ್ನುತ್ತಾನೆ. ಈ ಎರಡು ಮಾತುಗಳನ್ನು ಬಿಟ್ಟು ಸಂಧಾನದ ಅರ್ಥ ಹೇಳುವುದು ನಮಗೆ ಸರಿಕಾಣುವುದಿಲ್ಲ.

14ನೇ ಶತಮಾನದ ಇಂಗ್ಲಿಷ್ ಚಿಂತಕ ಆಕಮ್ ಮುರಿಯುವುದು ‘ನಿನ್ನೆಯನ್ನು ತಿದ್ದುವಂತಿಲ್ಲ’ ಎಂಬ ಆಧಾರವನ್ನು. ನಿನ್ನೆಯ ಎಲ್ಲ ಸಂಗತಿಗಳೂ ಒಂದೇ ಬಗೆಯಲ್ಲಿ ಮುಗಿದುಹೋಗಿಲ್ಲ; ಕೆಲವು ಇಂದಿನ ಮೇಲೆ ಒರಗಿ ನಿಂತಿರುತ್ತವೆ. ಕನ್ನಡದಲ್ಲಿ ಇದು ಒಂದೇ ವಾಕ್ಯಕ್ಕೆ ಬಂತು: “ನೀನು ಇಂದು ಹೌದು ಎಂದಿದ್ದರೆ, ನಿನ್ನೆ ನನಗೆ ತಿಳಿದಿರುತ್ತಿದ್ದುದೂ ಅದೇ.” ಒಡ್ಡೋಲಗದಲ್ಲಿ ನಿಲ್ಲುವ ಉತ್ತರ ಇದು. ಸ್ಪೇನಿನ ಕ್ರೈಸ್ತ ಚಿಂತಕ ಮೊಲಿನಾ 1588ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಯಾವ ಜೀವ ಯಾವ ಸಂದರ್ಭದಲ್ಲಿ ಸ್ವಂತ ಇಚ್ಛೆಯಿಂದ ಏನು ಮಾಡುತ್ತದೆ ಎಂಬುದು, ಅಂದರೆ ನಮ್ಮ ಮೂರನೆಯ ಕಡೆ, ಸೃಷ್ಟಿಗೂ ಮೊದಲೇ ದೇವರಿಗೆ ಗೊತ್ತು. ಆ ‘ಹೀಗಾದರೆ ಹಾಗೆ’ಗಳನ್ನು ನಿಶ್ಚಯಿಸಿದ್ದು ಯಾರು ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ದ್ವೈತದಲ್ಲಿ ಅದಕ್ಕೆ ಉತ್ತರವಿದೆ: ಜೀವಾತ್ಮನ ಅನಾದಿಯಾದ ಸ್ವರೂಪಯೋಗ್ಯತೆ (ಸಹಜ ಅರ್ಹತೆ), ಅದು ದೇವರು ಮಾಡಿದ್ದಲ್ಲ. ಉತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಸ್ವರೂಪವನ್ನೇ ಬದಲಿಸಲಾರದ ಕೌರವ ಮತ್ತೆ ಅದೇ ದೂರು ಹೇಳಬಹುದು.

ನಾಳೆಯ ಮುಕ್ತ ಆಯ್ಕೆ ಯಾರಿಗೂ ತಿಳಿಯುವಂಥದ್ದೇ ಅಲ್ಲ, ದೇವರಿಗೆ ಅದು ತಿಳಿಯದಿದ್ದರೆ ಕೊರತೆಯಲ್ಲ ಎಂಬ ಪಕ್ಷವೂ ಹಳೆಯದೇ. ಯಹೂದಿ ಚಿಂತಕ ಗೆರ್ಸೋನಿಡೀಸ್ (1288–1344) ಅದನ್ನು ಹಿಡಿದವರು. ನಮ್ಮ ಕೃಷ್ಣನಿಗೆ ಆ ದಾರಿ ಸಿಗದು. ಗೀತೆಯ 7.26ರಲ್ಲಿ ಅವನೇ ಭೂತ, ವರ್ತಮಾನ, ‘ಭವಿಷ್ಯಾಣಿ ಚ’, ಮೂರನ್ನೂ ಬಲ್ಲೆ ಎಂದುಬಿಟ್ಟಿದ್ದಾನೆ.

ಇಷ್ಟೂ ಉತ್ತರಗಳನ್ನು ತೂಗಲು ಅಳತೆಗೋಲು ತಾಳಮದ್ದಳೆಯೊಳಗೇ ಇದೆ. ಸಂಧಾನ ಮುರಿಯುತ್ತದೆ ಎಂದು ಸಭೆಯಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತು. ಆ ತಿಳಿವಿನಿಂದ ಕೌರವನ ಅರ್ಥಧಾರಿಯ ನಾಲಿಗೆ ಒಂದಿಷ್ಟೂ ಬಿಗಿಯುವುದಿಲ್ಲ. ಪ್ರಸಂಗ ಬರೆದ ಕವಿಗೂ ಗೊತ್ತು. ಆದರೆ ಕವಿಯ ತಿಳಿವು ಬೇರೆ ಜಾತಿಯದು. ಅವನು ಹಾಗೆ ಬರೆದದ್ದರಿಂದಲೇ ಸಂಧಾನ ಮುರಿಯುತ್ತದೆ, ಅರ್ಥಧಾರಿ ಎಷ್ಟು ಗೆದ್ದರೂ ಕೃಷ್ಣನನ್ನು ಕಟ್ಟುವ ಪದ್ಯ ಬಂದೇ ಬರುತ್ತದೆ. ದೇವರು ಪ್ರೇಕ್ಷಕನಂತೆ ತಿಳಿಯುವವನಾದರೆ ಜೀವಾತ್ಮನ ಸ್ವಾತಂತ್ರ್ಯ ಉಳಿಯುತ್ತದೆ. ಜೈನರ ಕೇವಲಿ ಹಾಗೆ. ಕವಿಯಂತೆ ತಿಳಿಯುವವನಾದರೆ ಸರ್ವಜ್ಞತ್ವ ಸುಲಭ, ತಾನು ಬರೆದದ್ದು ತನಗೆ ಗೊತ್ತಿರಲೇಬೇಕಲ್ಲ; ಸ್ವಾತಂತ್ರ್ಯ ಕಷ್ಟಕ್ಕೆ ಬೀಳುತ್ತದೆ. ತಯಾರಿಯ ಉದ್ದಕ್ಕೂ “ಹೆಗಡೇರೇ, ನಿಮ್ಮ ಕೃಷ್ಣ ಈಗ ಪ್ರೇಕ್ಷಕನೋ ಕವಿಯೋ, ಮೊದಲು ಹೇಳಿ” ಎಂದು ಎದುರು ಅರ್ಥಧಾರಿ ತಡೆದು ಕೇಳುತ್ತಿದ್ದರು. ಒಳ್ಳೆಯ ತಡೆ ಅದು. ಒಂದೇ ಉತ್ತರದೊಳಗೆ ಎರಡೂ ವೇಷ ಹಾಕುವುದನ್ನು ಅದು ನಿಲ್ಲಿಸುತ್ತದೆ.

ವೇದಾಂತಿಗಳು ಈ ಕಷ್ಟವನ್ನು ಕಾಣದವರಲ್ಲ. “ಪರಾತ್ತು ತಚ್ಛ್ರುತೇಃ”, ಜೀವಾತ್ಮನ ಕರ್ತೃತ್ವ ಪರಮಾತ್ಮನಿಂದಲೇ ಎನ್ನುವ ಸೂತ್ರದ ಬೆನ್ನಿಗೇ “ಕೃತಪ್ರಯತ್ನಾಪೇಕ್ಷಸ್ತು”, ಆದರೆ ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಎನ್ನುವ ಸೂತ್ರವಿದೆ. ಕವಿಯ ಅಧಿಕಾರವನ್ನು ಒಪ್ಪಿ, ಒಳಗೆ ಅರ್ಥಧಾರಿಗೆ ಜಾಗ ಬಿಟ್ಟ ಹಾಗೆ. ಗೀತೆಯಲ್ಲೂ 11.33ರ “ನಿಮಿತ್ತಮಾತ್ರಂ ಭವ” (ನೀನು ನೆಪಮಾತ್ರನಾಗು) ಕವಿಯ ಮಾತು, 18.63ರ “ಯಥೇಚ್ಛಸಿ ತಥಾ ಕುರು” (ನಿನಗೆ ಬೇಕಾದಂತೆ ಮಾಡು) ಅರ್ಥಧಾರಿಗೆ ಕೊಟ್ಟ ಜಾಗ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹಾಡುವುದು ಅಪ್ರಾಮಾಣಿಕ.

ಅನಂತದ ಪೆಟ್ಟು ಇನ್ನೊಂದು. ಶಂಕರಭಾಷ್ಯದ ಪ್ರಕಾರ “ಅಂತವತ್ತ್ವಮಸರ್ವಜ್ಞತಾ ವಾ” (2.2.41) ಸೂತ್ರ ಶೈವರಾದ ಪಾಶುಪತರ ಮೇಲೆ ಬಿಟ್ಟದ್ದು: ನಿಮ್ಮ ಈಶ್ವರನಿಗೆ ಪ್ರಧಾನ (ಮೂಲಪ್ರಕೃತಿ), ಜೀವರು, ತಾನು, ಇವುಗಳ ಅಳತೆ ತಿಳಿದಿದ್ದರೆ ಅವೆಲ್ಲಕ್ಕೂ ಕೊನೆಯಿದೆ ಎಂದಾಯಿತು, ತಿಳಿಯದಿದ್ದರೆ ಅವನು ಸರ್ವಜ್ಞನಲ್ಲ. ಇದನ್ನು ಕೌರವನ ಬಾಯಲ್ಲಿ ಇಟ್ಟರೆ ಸಭೆ ಬೆರಗಾಗುತ್ತದೆ. ಉತ್ತರ ಚಿಕ್ಕದು: ಅಳತೆ ಇಲ್ಲದ್ದನ್ನು ಅಳತೆ ಇಲ್ಲದ್ದೆಂದು ತಿಳಿಯುವುದೇ ಸರಿಯಾದ ತಿಳಿವು, ಅಳೆದುಬಿಟ್ಟಿದ್ದರೆ ಅದು ಭ್ರಮೆ. ಇದಕ್ಕೆ ಹೊಸ ಹಲ್ಲು ಬಂದದ್ದು ಗಣಿತದಿಂದ. ಯಾವ ಗಣದ (ವಸ್ತುಗಳ ಗುಂಪಿನ) ಉಪಗಣಗಳೂ ಆ ಗಣದ ಸದಸ್ಯರಿಗಿಂತ ಹೆಚ್ಚು ಎಂದು ಕ್ಯಾಂಟರ್ ತೋರಿಸಿದರು. ಅದನ್ನು ಹಿಡಿದು ತತ್ತ್ವಶಾಸ್ತ್ರಜ್ಞ ಪ್ಯಾಟ್ರಿಕ್ ಗ್ರಿಮ್ 1980ರ ದಶಕದಲ್ಲಿ, ಎಲ್ಲ ಸತ್ಯಗಳ ಗಣ ಎಂಬುದೇ ಇರಲಾರದು, ಆದ್ದರಿಂದ ಅವನ್ನೆಲ್ಲ ತಿಳಿದವನೂ ಇರಲಾರ ಎಂದರು. ತಿಳಿಯಲು ಮೊದಲು ಪಟ್ಟಿಯಾಗಿ ಕಟ್ಟಿಕೊಳ್ಳಬೇಕು ಎಂದು ಹಿಡಿದರೆ ಮಾತ್ರ ಈ ವಾದ ನಾಟುತ್ತದೆ ಎಂದು ನಮಗನ್ನಿಸುತ್ತದೆ. ಒಡ್ಡೋಲಗಕ್ಕೆ ಇದನ್ನು ತರಬಾರದು. ಐದು ನಿಮಿಷ ಹೋಗುತ್ತದೆ, ಯಾರಿಗೂ ಹತ್ತುವುದಿಲ್ಲ.

ಮೀಮಾಂಸಕರಾದ ಕುಮಾರಿಲರ ಆಕ್ಷೇಪ ಕರ್ಣನ ಬಾಯಿಗೆ ಹೊಂದುತ್ತದೆ: ಇವನು ಸರ್ವಜ್ಞನೆಂದು ಗುರುತಿಸಲು ಗುರುತಿಸುವವನೂ ಸರ್ವಜ್ಞನಾಗಿರಬೇಕಲ್ಲ? ಬೌದ್ಧರ ಧರ್ಮಕೀರ್ತಿ ಇನ್ನೂ ಖಾರ: ದಾರಿ ತೋರುವವನಿಗೆ ಬಿಡಬೇಕಾದದ್ದು, ಹಿಡಿಯಬೇಕಾದದ್ದು ಗೊತ್ತಿದ್ದರೆ ಸಾಕು, ಹುಳುಗಳ ಲೆಕ್ಕ ಗೊತ್ತಿದ್ದು ನಮಗೇನು ಪ್ರಯೋಜನ? ಇವೆರಡಕ್ಕೂ ತಲಾ ಎರಡು ನಿಮಿಷ ಸಾಕು.

ನಾಲ್ಕನೆಯ ಕಡೆಯ ಪ್ರಶ್ನೆಯೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಗಟ್ಟಿ. “ನನ್ನೊಳಗಿನ ಮತ್ಸರ ನನಗೆ ಹೇಗೆ ಸುಡುತ್ತದೆ ಎಂದು ನಿನಗೆ ತಿಳಿದಿದೆಯೇ? ತಿಳಿದಿದ್ದರೆ ನೀನೂ ಮತ್ಸರಿ. ತಿಳಿಯದಿದ್ದರೆ ಎಲ್ಲ ಬಲ್ಲವನಲ್ಲ.” ಯೋಗಸೂತ್ರದ ಈಶ್ವರ ಕ್ಲೇಶಗಳ ಸೋಂಕಿಲ್ಲದವನು (1.24), ಮರುಸೂತ್ರದಲ್ಲೇ ಅವನ ಸರ್ವಜ್ಞತ್ವದ ಬೀಜಕ್ಕೆ ಮೇಲೆ ಮತ್ತೊಂದಿಲ್ಲ (1.25). ಎರಡು ಸೂತ್ರಗಳ ನಡುವಿನ ಸಂದಿಗೇ ಕೌರವ ಕೈ ಹಾಕಿದ್ದಾನೆ. ಅಂತರ್ಯಾಮಿ ಎಂಬ ಉತ್ತರವಿದೆ: ಒಳಗೆ ಇದ್ದೇ ಕಾಣುತ್ತಾನೆ, ಅಂಟಿಸಿಕೊಳ್ಳುವುದಿಲ್ಲ. ಮತ್ಸರವನ್ನು ಕಾಣುವುದು ಜ್ಞಾನ, ಮತ್ಸರಪಡುವುದು ಜ್ಞಾನವಲ್ಲ, ಅದು ಒಂದು ಸ್ಥಿತಿ. ವಾದಕ್ಕೆ ಇಷ್ಟು ನಿಲ್ಲುತ್ತದೆ. ಆದರೆ ಸುಡುವುದು ಹೇಗಿರುತ್ತದೆಂದು ಸುಡಿಸಿಕೊಳ್ಳದೆ ತಿಳಿಯಬಹುದೇ ಎಂಬಲ್ಲಿ ನಮ್ಮ ಬಳಗದಲ್ಲೇ ಎರಡು ಪಕ್ಷ ಉಳಿದಿದೆ, ಉಳಿದದ್ದನ್ನು ಸಭೆಯಲ್ಲಿ ಉಳಿದ ಹಾಗೇ ತೋರಿಸಿದೆವು. ಋಗ್ವೇದದ ನಾಸದೀಯ ಸೂಕ್ತವೇ ಪರಮವ್ಯೋಮದ ಅಧ್ಯಕ್ಷನ ಬಗ್ಗೆ “ಸೋ ಅಂಗ ವೇದ ಯದಿ ವಾ ನ ವೇದ” (ಅವನಿಗೆ ಗೊತ್ತು, ಇಲ್ಲವೇ ಅವನಿಗೂ ಗೊತ್ತಿಲ್ಲ) ಎಂದು ಬಿಟ್ಟಿರುವಾಗ, ತಿಳಿದಿರಲೇಬೇಕು ಎಂದು ನಾವು ಮೇಜು ಗುದ್ದಬೇಕಾಗಿಲ್ಲ.

ನಮ್ಮ ತೀರ್ಪು ಇಷ್ಟು. ಪೂರ್ಣನಾದವನ ತಿಳಿವಿನಲ್ಲಿ ತಪ್ಪಿರಕೂಡದು. ಅವನ ಕೆಲಸಕ್ಕೆ ಬೇಕಾದ ಯಾವುದೂ ಅವನಿಗೆ ಅಡಗಿರಕೂಡದು. ಇವೆರಡು ಯು‌ಕ್ತಿಯಿಂದ ಬರುತ್ತವೆ. ಅದರಾಚೆಯ ‘ಎಲ್ಲವೂ’, ವಿಶೇಷವಾಗಿ ನಾಳೆಯ ಆಯ್ಕೆಗಳು, ಶ್ರುತಿ ಮತ್ತು ಗೀತೆಯ ಬಲದಿಂದ ಬರುತ್ತವೆ, ಪೂರ್ಣತೆಯ ಬಲದಿಂದಲ್ಲ. ಭಕ್ತನಿಗೆ ಇದರಿಂದ ನಷ್ಟವಿಲ್ಲ. ಯಾವ ನಂಬಿಕೆ ಯಾವ ಕಂಬದ ಮೇಲಿದೆ ಎಂದು ಗೊತ್ತಾಗುತ್ತದೆ.

ಇನ್ನು ವೇದಿಕೆಯಲ್ಲಿ ಕೆಡುವ ಸಂಗತಿಗಳು. ಸಂಸ್ಕೃತದ ಉದ್ಧರಣೆ ಇಡೀ ರಾತ್ರಿಗೆ ಐದನ್ನು ಮೀರಬಾರದು, ಪ್ರತಿಯೊಂದರ ಬೆನ್ನಿಗೆ ಕನ್ನಡ ಬರಬೇಕು. ಮೇಲೆ ಬರೆದ ಸೂತ್ರಗಳಲ್ಲಿ ಹೆಚ್ಚಿನವು ತಯಾರಿಗೆ ಮಾತ್ರ. “ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ” (ಧರ್ಮ ಗೊತ್ತು, ಅದರಲ್ಲಿ ತೊಡಗಲಾರೆ) ಶ್ಲೋಕವನ್ನು ಕೌರವನ ಅರ್ಥಧಾರಿಗಳು ಪ್ರೀತಿಯಿಂದ ಬಳಸುತ್ತಾರೆ. ಅದು ಪಾಂಡವಗೀತೆಯದು, ಉದ್ಯೋಗಪರ್ವದ್ದೆಂದು ಹೇಳಬಾರದು. ಅದನ್ನು ಹೇಳಿದ ಕೂಡಲೇ ಕೌರವ ತನ್ನ ಸ್ವಾತಂತ್ರ್ಯದ ವಾದವನ್ನು ತಾನೇ ಬಿಟ್ಟುಕೊಟ್ಟಂತೆ ಎಂಬುದೂ ನೆನಪಿರಲಿ: ಹೃದಯದಲ್ಲಿರುವ ದೇವರು ಮಾಡಿಸಿದಂತೆ ಮಾಡುತ್ತೇನೆ ಎಂದವನಿಗೆ, ದೇವರ ತಿಳಿವಿನಿಂದ ನನ್ನ ಆಯ್ಕೆ ಹೋಯಿತು ಎನ್ನಲು ಬಾಯಿಲ್ಲ. ಕೃಷ್ಣನ ಪೀಠಿಕೆಯಲ್ಲೇ “ನಾನು ದೇವರು” ಎಂದರೆ ಕೌರವನಿಗೆ ಕೇಳಲು ಏನೂ ಉಳಿಯದು. ಅದು ವಿಶ್ವರೂಪದ ಪದ್ಯದವರೆಗೆ ಕಾಯಬೇಕು.

ಮಹಾಭಾರತದ ಆಶ್ವಮೇಧಿಕ ಪರ್ವದ ಎರಡು ಪ್ರಸಂಗಗಳು ತಯಾರಿಯಲ್ಲಿ ಮತ್ತೆ ಮತ್ತೆ ಮುಂದೆ ಬರುತ್ತವೆ. ಗೀತೆಯನ್ನು ಇನ್ನೊಮ್ಮೆ ಹೇಳು ಎಂದ ಅರ್ಜುನನಿಗೆ ಕೃಷ್ಣ, ಅಂದು ಯೋಗಯುಕ್ತನಾಗಿ ಹೇಳಿದ್ದನ್ನು ಪೂರ್ತಿಯಾಗಿ ಮತ್ತೆ ಹೇಳಲಾರೆ ಎನ್ನುತ್ತಾನೆ. ಇದು ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು, ಆದರೆ ಯುದ್ಧ ಮುಗಿದ ಮೇಲಿನದು. ಸಂಧಾನದ ಸಭೆಯಲ್ಲಿ ಕೌರವನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಉತ್ತಂಕ ಋಷಿಯ ಸಿಟ್ಟು ಇನ್ನೊಂದು: ತಡೆಯುವ ಶಕ್ತಿಯಿದ್ದೂ ನೀನು ತಡೆಯಲಿಲ್ಲ ಎಂದು ಅವನು ಕೃಷ್ಣನನ್ನು ಶಪಿಸಲು ಹೊರಡುತ್ತಾನೆ. ಅಲ್ಲಿ ಪ್ರಶ್ನೆ ತಿಳಿವಿನದಲ್ಲ, ಶಕ್ತಿಯದು, ಕರುಣೆಯದು. ಅದಕ್ಕೆ “ವೈಷಮ್ಯನೈರ್ಘೃಣ್ಯೇ ನ”, ದೇವರಲ್ಲಿ ಪಕ್ಷಪಾತ, ನಿರ್ದಯತೆಗಳಿಲ್ಲ ಎನ್ನುವ (2.1.34) ಸೂತ್ರದಿಂದ ಶುರುವಾಗುವ ಬೇರೆಯೇ ವಾದಸರಣಿ ಇದೆ, ಬೇರೆಯೇ ಒಂದು ರಾತ್ರಿಯ ಕೂಟ ಬೇಕು. ಸಂಧಾನದ ರಾತ್ರಿಯಲ್ಲಿ ಕೌರವನ ಅರ್ಥಧಾರಿ ಆ ಕಡೆ ಹೊರಳಿದರೆ ಕೃಷ್ಣ ಉತ್ತರಿಸಹೋಗಬಾರದು. ಭಾಗವತರ ಕಡೆ ನೋಡಿದರೆ ಸಾಕು, ಅವರು ಪದ್ಯ ಎತ್ತುತ್ತಾರೆ.